ಚೀನೀ, ಕೊರಿಯನ್ ಮತ್ತು ನನ್ನ ಕನ್ನಡ ಶಾಲೆ

ನಾನು ಓದಿದ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನವನ್ನು ಕಳುಹಿಸಬೇಕೆಂದು ಸಂಪಾದಕ ಸಮಿತಿಯವರಿಂದ ಪತ್ರ ಬಂದಾಗ ಸಂತೋಷವಾಯಿತು. ಜೊತೆಗೆ ಒಂದಿಷ್ಟು ಅಳುಕೂ ಆಯಿತು. "ಕಾಸರಗೋಡಿನ ಹಳ್ಳಿಯ ಕನ್ನಡ ಶಾಲೆಯಿಂದ ಹೊರಟು ಚೀನೀ ಮತ್ತು ಕೊರಿಯನ್ ಭಾಷೆಗಳನ್ನು ಕಲಿತ ನಿಮ್ಮ ಅನುಭವವನ್ನು ಇಂದಿನ ಮಕ್ಕಳಿಗೆ ತಿಳಿಸಿರಿ" ಎಂದು ಆ ಪತ್ರದಲ್ಲಿತ್ತು. ಅನುಭವವನ್ನು ತಿಳಿಸುವುದು ಕಷ್ಟವಲ್ಲ. ಆದರೆ ಪ್ರಾಮಾಣಿಕವಾಗಿ ತಿಳಿಸಬೇಕಾದರೆ ಹೆಮ್ಮೆಯ ಮಾತುಗಳ ಜೊತೆಗೆ ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಈ ಅಳುಕು.

ಸಪ್ತಭಾಷೆಗಳ ನಾಡೆಂದು ಹೆಸರಾದ ಊರು ನಮ್ಮದು. ಮನೆಯೊಳಗೆ ಕನ್ನಡ, ತೋಟ ಗದ್ದೆಗಳಲ್ಲಿ ತುಳು, ಬಸ್ಸಿನಲ್ಲಿ ಮತ್ತು ಸರಕಾರಿ ಕಚೇರಿಯಲ್ಲಿ ಮಲಯಾಳ, ಪೇಟೆಯ ಅಂಗಡಿಗಳಲ್ಲಿ ಕೊಂಕಣಿ ಮತ್ತು ಬ್ಯಾರಿ - ಇವೆಲ್ಲ ಕಿವಿಗೆ ಬೀಳುತ್ತಲೇ ನಾವು ಬೆಳೆದೆವು. ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟುವುದು ನಮಗೆ ತೋಡು ದಾಟಿದಷ್ಟೇ ಸಹಜ. ಮಂಜೇಶ್ವರದ ಗೋವಿಂದ ಪೈಗಳಂಥ ಬಹುಭಾಷಾ ವಿದ್ವಾಂಸರು ಈ ಮಣ್ಣಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲವೆಂದು ನನಗೆ ಅನೇಕ ಸಲ ಅನ್ನಿಸಿದೆ.

ಒಂದನೆಯ ತರಗತಿಯಲ್ಲಿ ನಮಗೆ ಅಕ್ಷರ ಕಲಿಸಿದ ಟೀಚರು ಮಹಾಪ್ರಾಣವನ್ನು ಕಲಿಸುತ್ತಿದ್ದ ರೀತಿ ಇಂದಿಗೂ ನೆನಪಿದೆ. ಸ್ಲೇಟಿನ ಮೇಲೆ 'ದ' ಬರೆಸಿ, "ಈಗ ಹೊಟ್ಟೆ ಸೀಳು" ಎನ್ನುತ್ತಿದ್ದರು. ಕೆಳಗೊಂದು ಗೆರೆ ಬಿದ್ದೊಡನೆ 'ದ' ಹೋಗಿ 'ಧ' ಆಗುತ್ತಿತ್ತು. "ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳು, ಗಾಳಿ ತಾಗಬೇಕು" ಎಂದು ಪ್ರತಿಯೊಬ್ಬರಿಂದಲೂ ಹೇಳಿಸುತ್ತಿದ್ದರು. ಈ ಪಾಠ ಮುಂದೊಂದು ದಿನ ಎಲ್ಲಿ ಉಪಯೋಗಕ್ಕೆ ಬಂದೀತೆಂದು ಅವರೂ ಊಹಿಸಿರಲಾರರು, ನಾನೂ ಊಹಿಸಿರಲಿಲ್ಲ.

1995ರಲ್ಲಿ ಮಂಗಳೂರಿನಲ್ಲಿ ಪಿಯುಸಿ ಮುಗಿಸಿ, ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ಚೀನೀ ಭಾಷೆಯ ಪದವಿ ತರಗತಿಗೆ ಸೇರಿದೆ. "ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷೇ ಸರಿಯಾಗಿ ಬಾರದು, ಇನ್ನು ಚೀನೀ ಎಲ್ಲಿಂದ ಬಂದೀತು?" ಎಂದು ಸೋದರಮಾವ ನಕ್ಕಿದ್ದರು. ಮೊದಲ ತಿಂಗಳಲ್ಲಿ ನನಗೂ ಹಾಗೆಯೇ ಅನ್ನಿಸಿತು. ಚೀನೀ ಭಾಷೆಯಲ್ಲಿ 'ಮಾ' ಎಂಬ ಒಂದೇ ಉಲಿಯನ್ನು ಸಮಸ್ವರದಲ್ಲಿ ಹೇಳಿದರೆ ತಾಯಿ, ಏರುಸ್ವರದಲ್ಲಿ ಹೇಳಿದರೆ ಸೆಣಬು, ಇಳಿದು ಏರಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಗುಳ! ಅಕ್ಷರಗಳೋ ಸಾವಿರಾರು, ಪ್ರತಿಯೊಂದಕ್ಕೂ ಗೆರೆಗಳ ಕ್ರಮವಿದೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡಗಡೆಯದು ಮೊದಲು, ಬಲಗಡೆಯದು ಆಮೇಲೆ. ಕಾಪಿ ಪುಸ್ತಕ ತುಂಬಿಸಿ ಅಭ್ಯಾಸವಿದ್ದ ಕೈಗೆ ಈ ಶಿಸ್ತು ಮಾತ್ರ ಹೊಸದಾಗಿ ತೋರಲಿಲ್ಲ. ಭಾಷೆ ಎಂಬರ್ಥದ ಅಕ್ಷರದ ಎಡಭಾಗದಲ್ಲಿ 'ಮಾತು' ಎಂಬ ಚಿಹ್ನೆಯಿದೆ, ಬಲಭಾಗದಲ್ಲಿ 'ನಾನು' ಎಂಬರ್ಥದ ಹಳೆಯ ಅಕ್ಷರವಿದೆ. ಬಲಭಾಗ ಕೇವಲ ಉಚ್ಚಾರಣೆಯ ಸೂಚಕವೆಂದು ಪಂಡಿತರು ಹೇಳುತ್ತಾರೆ. ಆದರೂ ಮಾತಿನ ಪಕ್ಕದಲ್ಲಿ ನಾನು ಇರುವ ಆ ಅಕ್ಷರ ನನ್ನ ಮನಸ್ಸಿನಲ್ಲಿ ಉಳಿಯಿತು.

ಐಚ್ಛಿಕ ವಿಷಯವಾಗಿ ಕೊರಿಯನ್ ಆರಿಸಿಕೊಂಡೆ. ಅಲ್ಲಿ ನನಗೆ ಕಾದಿದ್ದುದು ಆಶ್ಚರ್ಯ. ಕೊರಿಯಾದ ದೊರೆ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಇಂದು ಹಂಗುಲ್ ಎಂದು ಪ್ರಸಿದ್ಧವಾಗಿದೆ. ಅದುವರೆಗೆ ಅಲ್ಲಿನ ವಿದ್ವಾಂಸರು ಚೀನೀ ಅಕ್ಷರಗಳಲ್ಲಿಯೇ ಬರೆಯುತ್ತಿದ್ದರು. ಸಾಮಾನ್ಯ ಜನರಿಗೆ ಅದು ಎಟುಕುತ್ತಿರಲಿಲ್ಲ. ಹೊಸ ಲಿಪಿಯ ಮೂಲ ವ್ಯಂಜನಗಳು ನಾಲಿಗೆ, ತುಟಿ, ಹಲ್ಲು, ಗಂಟಲುಗಳ ಆಕಾರವನ್ನೇ ಅನುಸರಿಸಿವೆ. ಅಲ್ಪಪ್ರಾಣದ ಅಕ್ಷರಕ್ಕೆ ಒಂದು ಗೆರೆ ಸೇರಿಸಿದರೆ ಅದು ಉಸಿರು ತುಂಬಿದ ಅಕ್ಷರವಾಗುತ್ತದೆ. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಆ ಗೆರೆಯನ್ನು ಎಳೆದ ಕ್ಷಣದಲ್ಲಿ ನನ್ನ ಬಾಯಿಯಿಂದ ತಾನಾಗಿ "ಹೊಟ್ಟೆ ಸೀಳು!" ಎಂಬ ಮಾತು ಹೊರಬಿತ್ತು. ತರಗತಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ವಾಕ್ಯರಚನೆಯಂತೂ ನಮ್ಮದೇ. 'ನಾನು ಶಾಲೆಗೆ ಹೋಗುತ್ತೇನೆ' ಎಂಬುದನ್ನು ಕೊರಿಯನ್ನರು 'ನಾನುನ್ ಹಕ್ಯೋಎ ಕಾನ್ದಾ' ಎನ್ನುತ್ತಾರೆ. ಪದಗಳ ಕ್ರಮ ಅದೇ, ನಾಮಪದದ ಹಿಂದೆ ವಿಭಕ್ತಿಯಂಥ ಪ್ರತ್ಯಯ, ಕ್ರಿಯಾಪದ ಕೊನೆಗೆ. ತಂದೆಗೆ ಅಲ್ಲಿಯೂ 'ಅಪ್ಪಾ', ತಾಯಿ 'ಒಮ್ಮಾ'. ಇಂಥ ಹೋಲಿಕೆಗಳನ್ನು ಕಂಡು ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ವಿದ್ವಾಂಸರು ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1905ರಲ್ಲಿಯೇ ಪ್ರಕಟಿಸಿದ್ದರು. ಇವೆರಡಕ್ಕೂ ರಕ್ತಸಂಬಂಧವಿದೆಯೆಂಬ ವಾದವನ್ನು ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಸಂಬಂಧವಿರಲಿ ಇಲ್ಲದಿರಲಿ, ಇಂಗ್ಲಿಷಿನ ಮೂಲಕ ಬಳಸುದಾರಿಯಲ್ಲಿ ಹೋಗುತ್ತಿದ್ದ ಸಹಪಾಠಿಗಳಿಗಿಂತ ಕನ್ನಡದ ಮೂಲಕ ನೇರವಾಗಿ ಹೋದ ನನಗೆ ದಾರಿ ಹತ್ತಿರವಾಯಿತು.

2000ದ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿವೇತನ ದೊರೆತು ಒಂದು ವರ್ಷದ ಅಧ್ಯಯನಕ್ಕಾಗಿ ಬೀಜಿಂಗಿನ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾನಿಲಯಕ್ಕೆ ಹೋದೆ. ಐದು ವರ್ಷ ಕಲಿತ ಭಾಷೆ ಮೊದಲ ವಾರದಲ್ಲಿಯೇ ಕೈಕೊಟ್ಟಿತು. ಚೀನೀ ಭಾಷೆಯಲ್ಲಿ 'ಕೊಳ್ಳು' ಎಂಬುದಕ್ಕೂ 'ಮಾರು' ಎಂಬುದಕ್ಕೂ ಇರುವುದು 'ಮಾಯ್' ಎಂಬ ಒಂದೇ ಉಲಿ, ಸ್ವರ ಮಾತ್ರ ಬೇರೆ. ಹಣ್ಣಿನ ಅಂಗಡಿಯಲ್ಲಿ ನಿಂತು "ಸೇಬು ಮಾರಬೇಕಾಗಿದೆ" ಎಂದುಬಿಟ್ಟೆ. ಅಂಗಡಿಯಾಕೆ ನನ್ನ ಬರಿಗೈಯನ್ನು ನೋಡಿ, "ತಾ ಹಾಗಾದರೆ, ಎಷ್ಟು ಕಿಲೋ ಇದೆ?" ಎಂದು ನಕ್ಕಳು. ನಮ್ಮ ಚರಿತ್ರೆಯ ಪಾಠದಲ್ಲಿ ಪುಲಿಕೇಶಿಯನ್ನು ಹೊಗಳಿದ ಹ್ಯೂಯೆನ್‌ತ್ಸಾಂಗನ ಹೆಸರನ್ನು ಹೇಳಿದರೆ ಅಲ್ಲಿ ಯಾರಿಗೂ ತಿಳಿಯಲಿಲ್ಲ, ಅಕ್ಷರದಲ್ಲಿ ಬರೆದು ತೋರಿಸಿದಾಗ, "ಓಹೋ, ಶ್ವೆನ್‌ಜಾಂಗ್!" ಎಂದು ಎಲ್ಲರ ಮುಖವೂ ಅರಳಿತು.

ವಿಶ್ವವಿದ್ಯಾನಿಲಯದ ಬಳಿಯ ವುದಾವ್‌ಕೋವ್ ಎಂಬ ಬಡಾವಣೆಯಲ್ಲಿ ಕೊರಿಯನ್ನರು ಬಹಳ. ಅಲ್ಲಿಯ ಪುಸ್ತಕದಂಗಡಿಯೊಂದರಲ್ಲಿ ಪರಿಚಯವಾದ ಗೆಳತಿ ಚೀನಾದ ಪ್ರಜೆ, ಮಾತೃಭಾಷೆ ಕೊರಿಯನ್. ಆಕೆಯ ಊರು ಈಶಾನ್ಯ ಚೀನಾದ ಜಿಲಿನ್ ಪ್ರಾಂತದ ಯಾನ್‌ಜಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬರಗಾಲಕ್ಕೆ ಸಿಕ್ಕಿ ತೂಮೆನ್ ನದಿಯನ್ನು ದಾಟಿ ಬಂದ ಕೊರಿಯನ್ ರೈತರ ಸಂತತಿ ಅಲ್ಲಿದೆ. ಯಾನ್‌ಬಿಯನ್ ಎಂಬ ಆ ಸೀಮೆಯನ್ನು 1952ರಲ್ಲಿ ಕೊರಿಯನ್ನರ ಸ್ವಾಯತ್ತ ಪ್ರದೇಶವೆಂದು ಸಾರಲಾಯಿತು. ಹೊಳೆಯ ಆಚೆ ಅವರ ಭಾಷೆಯ ದೇಶ. ಈಚೆ ಅವರು ಅಲ್ಪಸಂಖ್ಯಾತರು. ಚಂದ್ರಗಿರಿ ಹೊಳೆಯ ಹೆಸರನ್ನೂ 1956ರ ನವೆಂಬರ್ 1ನ್ನೂ ಹಿರಿಯರ ಬಾಯಿಯಿಂದ ಕೇಳಿ ಬೆಳೆದ ನನಗೆ ಇದರ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ.

2001ರ ಜನವರಿಯಲ್ಲಿ ವಸಂತೋತ್ಸವದ ರಜೆಗೆ ಗೆಳತಿ ನನ್ನನ್ನು ತನ್ನ ಮನೆಗೆ ಕರೆದೊಯ್ದಳು. ಒಂದು ಹಗಲು, ಒಂದು ರಾತ್ರಿಯ ರೈಲು ಪ್ರಯಾಣ. ಇಳಿದಾಗ ಉಸಿರೇ ಹೆಪ್ಪುಗಟ್ಟುವ ಚಳಿ. ಅಂಗಡಿಗಳ ಫಲಕಗಳಲ್ಲಿ ಎರಡು ಲಿಪಿಗಳನ್ನು ಕಂಡಾಗ ನಮ್ಮ ಬಸ್ಸುಗಳ ಬೋರ್ಡು ನೆನಪಾಯಿತು. ಮನೆಯಲ್ಲಿ ಅಡಿಯಿಂದ ಬಿಸಿಮಾಡಿದ ನೆಲದ ಮೇಲೆ ಕುಳಿತಿದ್ದ ಅಜ್ಜಿಗೆ ಕೊರಿಯನ್ ಬಿಟ್ಟು ಬೇರೆ ಮಾತು ಬಾರದು. ಹಬ್ಬಕ್ಕೆ ಬಂದಿದ್ದ ಆರು ವರ್ಷದ ಮರಿಮಗ ತಂದೆತಾಯಿಯೊಂದಿಗೆ ದೂರದ ದಾಲಿಯನ್ ನಗರದಲ್ಲಿ ಬೆಳೆದವನು, ಚೀನೀ ಶಾಲೆಗೆ ಹೋಗುವವನು. ಮನೆಯವರೆಲ್ಲ ಅಡುಗೆಮನೆಯಲ್ಲಿದ್ದಾಗ ಅಜ್ಜಿ ಹುಡುಗನ ಪಾದವನ್ನು ಮುಟ್ಟಿ ಏನೋ ಕೇಳಿದರು. ಹುಡುಗ ನನ್ನತ್ತ ತಿರುಗಿ ಚೀನೀ ಭಾಷೆಯಲ್ಲಿ, "ಅಜ್ಜಿ ಏನು ಹೇಳುತ್ತಿದ್ದಾರೆ?" ಎಂದನು. "ಕಾಲು ತಣ್ಣಗಾಗಿದೆಯೇ ಎಂದು ಕೇಳುತ್ತಿದ್ದಾರೆ" ಎಂದು ಚೀನೀ ಭಾಷೆಯಲ್ಲಿ ಹೇಳಿ, ಅವನ ಉತ್ತರವನ್ನು ಅಜ್ಜಿಗೆ ಕೊರಿಯನ್ನಿನಲ್ಲಿ ಹೇಳಿದೆ. ಅಜ್ಜಿ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, "ನಿಮ್ಮ ಊರಿನಲ್ಲಿ ಮಕ್ಕಳು ನಿಮ್ಮ ಮಾತನ್ನು ಕಲಿಯುತ್ತಾರೆಯೇ?" ಎಂದು ಕೇಳಿದರು. "ಕಲಿಯುತ್ತಾರೆ. ನಮಗೆ ಶಾಲೆಯಿದೆ" ಎಂದು ಹೆಮ್ಮೆಯಿಂದಲೇ ಉತ್ತರಿಸಿದೆ.

ಮರುದಿನ ಗೆಳತಿ ನನ್ನನ್ನು ಮಿಂಗ್‌ದೊಂಗ್ ಎಂಬ ಹಳ್ಳಿಗೆ ಕರೆದೊಯ್ದಳು. ಕೊರಿಯನ್ ಕವಿ ಯುನ್ ದೊಂಗ್‌ಜು 1917ರಲ್ಲಿ ಹುಟ್ಟಿದ್ದು ಅಲ್ಲಿ. ಮುಂದೆ 2002ರಲ್ಲಿ ಒಂದು ವರ್ಷದ ಕೊರಿಯನ್ ವ್ಯಾಸಂಗಕ್ಕಾಗಿ ಸೋಲ್ ನಗರದ ಯೊನ್ಸೇ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅದೇ ಕವಿಯ ಸ್ಮಾರಕಶಿಲೆಯನ್ನು ಅಲ್ಲಿನ ಆವರಣದಲ್ಲಿ ಕಂಡೆ. ಅವರು ಓದಿದ ಕಾಲೇಜೇ ಇಂದಿನ ಆ ವಿಶ್ವವಿದ್ಯಾನಿಲಯ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಹಾಕಲಾಯಿತು. ಆ ಕಾಲದಲ್ಲಿಯೂ ತಾಯ್ನುಡಿಯಲ್ಲಿಯೇ ಬರೆದ ಆ ಯುವಕ 1945ರ ಫೆಬ್ರುವರಿಯಲ್ಲಿ ಜಪಾನಿನ ಸೆರೆಮನೆಯಲ್ಲಿ ತೀರಿಕೊಂಡರು. ಅವರ ಕವಿತೆಗಳ ಹಸ್ತಪ್ರತಿಯನ್ನು ಗೆಳೆಯನ ತಾಯಿ ಮನೆಯ ನೆಲದಡಿಯಲ್ಲಿ ಭರಣಿಯೊಳಗೆ ಬಚ್ಚಿಟ್ಟು ಕಾಪಾಡಿದ್ದರಿಂದ 1948ರಲ್ಲಿ ಪುಸ್ತಕ ಹೊರಬಂದಿತು. ಕೊರಿಯನ್ ನಿಘಂಟನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು 1942ರಲ್ಲಿ ಬಂಧಿಸಲಾಯಿತು. ಇಬ್ಬರು ಸೆರೆಯಲ್ಲಿಯೇ ಮಡಿದರು. ಪೊಲೀಸರು ಒಯ್ದಿದ್ದ ನಿಘಂಟಿನ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಭಾಷೆಯೊಂದು ಭರಣಿಯಲ್ಲಿಯೂ ಗೋದಾಮಿನಲ್ಲಿಯೂ ಉಳಿದುಕೊಂಡ ಈ ಕಥೆಗಳನ್ನು ಕೇಳಿ ನಾನು ಕಣ್ಣೀರು ಹಾಕಿದ್ದುಂಟು.

ಇನ್ನು ತಪ್ಪೊಪ್ಪಿಗೆ. ಇಂದು ನಾನು ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಸುತ್ತಮುತ್ತಲಿನ ಕೊರಿಯನ್ ಕಾರ್ಖಾನೆಗಳಲ್ಲಿ ದುಭಾಷಿಯಾಗಿದ್ದೇನೆ. ಹದಿಮೂರು ವರ್ಷದ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಆಡುವುದು ಇಂಗ್ಲಿಷು ಮತ್ತು ತಮಿಳು. ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬಾರದು. "ಇಂದು ಕಲಿಸೋಣ, ನಾಳೆ ಕಲಿಸೋಣ" ಎಂದು ನಾನೇ ವರ್ಷಗಳನ್ನು ಕಳೆದೆ. ಕಳೆದ ದೀಪಾವಳಿಗೆ ನನ್ನ ಅಮ್ಮ ಮೊಮ್ಮಗಳ ಹೆಸರಿಗೆ ಒಂದು ಕಾಗದ ಬರೆದರು. ಮಗಳು ಅದನ್ನು ಬಿಡಿಸಿ, ತಿರುಗಿಸಿ ನೋಡಿ ನನ್ನ ಕೈಗಿತ್ತು, "ಅಮ್ಮಾ, ಅಜ್ಜಿ ಏನು ಹೇಳುತ್ತಿದ್ದಾರೆ?" ಎಂದಳು.

ಯಾನ್‌ಜಿಯ ಆ ಹುಡುಗನ ಮಾತೇ ಅಕ್ಷರಶಃ ನನ್ನ ಮನೆಯಲ್ಲಿ ಕೇಳಿಬಂದಿತ್ತು. ಅವನ ತಂದೆತಾಯಿಗಳು ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಯಾನ್‌ಬಿಯನ್ನಿನಲ್ಲಿ ಫಲಕಗಳ ಮೇಲೆ ಚೀನೀ ಭಾಷೆಯೇ ಮೊದಲು ಬರಬೇಕೆಂಬ ನಿಯಮ 2022ರಲ್ಲಿ ಜಾರಿಗೆ ಬಂದಿತು. ನನ್ನ ಮನೆಯ ಮೇಲೆ ಯಾವ ಸರಕಾರದ ನಿಯಮವೂ ಇರಲಿಲ್ಲ. ಕನ್ನಡವನ್ನು ಹೊರಗಿಟ್ಟವಳು ನಾನೇ. ಪರರ ಭಾಷೆಗಾಗಿ ಕಣ್ಣೀರು ಹಾಕಿದವಳಿಗೆ ತನ್ನ ಭರಣಿ ಬರಿದಾದುದು ತಿಳಿಯಲಿಲ್ಲ.

ವಿಚಿತ್ರವೆಂದರೆ, ಕೊರಿಯನ್ ಹಾಡುಗಳ ಹುಚ್ಚಿನಿಂದ ಮಗಳು ಹಂಗುಲ್ ಲಿಪಿಯನ್ನು ತಾನಾಗಿಯೇ ಕಲಿತಿದ್ದಳು. ಆ ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಂದಲೇ ಆರಂಭಿಸಿದೆ. "ಕೊರಿಯನ್ನಿನಲ್ಲಿ ಉಸಿರು ತುಂಬಲು ಏನು ಮಾಡುತ್ತಾರೆ?" "ಒಂದು ಗೆರೆ ಸೇರಿಸುತ್ತಾರೆ." "ಹಾಗೆಯೇ ಇಲ್ಲಿ ಹೊಟ್ಟೆ ಸೀಳುತ್ತಾರೆ" ಎಂದು 'ದ' ಬರೆದು ತೋರಿಸಿದೆ. ನಾನು ಕನ್ನಡದಿಂದ ಕೊರಿಯನ್ನಿಗೆ ಹೋದ ದಾರಿಯಲ್ಲಿಯೇ ಅವಳು ಕೊರಿಯನ್ನಿನಿಂದ ಕನ್ನಡಕ್ಕೆ ಬರತೊಡಗಿದಳು. ನಾಲ್ಕು ತಿಂಗಳಾದ ಮೇಲೆ ಅಜ್ಜಿಗೆ ನಾಲ್ಕು ಸಾಲಿನ ಉತ್ತರ ಬರೆದಳು. ಕೊನೆಯ ಪದ 'ದನ್ಯವಾದ' ಎಂದಿತ್ತು. ನಾನು ತಿದ್ದದೆ ಹಾಗೆಯೇ ಅಂಚೆಗೆ ಹಾಕಿದೆ. ಕಾಗದ ತಲಪಿದ ದಿನ ಅಮ್ಮ ಫೋನಿನಲ್ಲಿ ಮೊಮ್ಮಗಳನ್ನೇ ಕರೆದು, "ಮಗಾ, ದಕಾರದ ಹೊಟ್ಟೆ ಸೀಳಲು ಮರೆತೆಯಲ್ಲ" ಎಂದರು. ಆ ಮಾತನ್ನು ನಾನು ಭಾಷಾಂತರಿಸಬೇಕಾಗಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಒಂದನೆಯ ತರಗತಿಯ ಕೋಣೆಯನ್ನು ಅವಳಿಗೆ ತೋರಿಸಬೇಕಾಗಿದೆ. ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ. ಆ ದಿನವೂ ಅದರ ಒಂದನೆಯ ತರಗತಿಯಲ್ಲಿ ಮಕ್ಕಳಿರಲಿ ಎಂದು ಹಾರೈಸುತ್ತೇನೆ.