ಮರಳಿಲ್ಲದ ಕಡಲು

ಪುಣೆಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ 4 ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಈಚೆಗೆ ಅದರ ತಳದ ಮರಳನ್ನೆಲ್ಲ ತೆಗೆದೆ. ಮೀನಿನ ಮಲ, ತಿಂದುಳಿದ ಆಹಾರ ಮರಳಿನೊಳಗೆ ಸೇರಿ ಕೊಳೆಯುತ್ತವೆ. ನೈಟ್ರೇಟ್ ಏರಿದರೆ ಹವಳಗಳು ಕಂದು ತಿರುಗುತ್ತವೆ. ತಳ ಬರಿಗಾಜಾದರೆ ಪಂಪನ್ನು ಜೋರಾಗಿಡಬಹುದು, ಕಸ ಕಣ್ಣಿಗೆ ಬೀಳುತ್ತದೆ, ಪೈಪಿನಿಂದ ಎಳೆದುಬಿಡಬಹುದು.

ಹಾಗಂತ ಮರಳು ಬರೀ ಅಲಂಕಾರವಲ್ಲ. ಆಮ್ಲಜನಕ ಕಡಿಮೆಯಿರುವ ಅದರ ಆಳದಲ್ಲಿ ನೈಟ್ರೇಟನ್ನು ಸಾರಜನಕವಾಗಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಒಮ್ಮೆಲೇ ಕೆದಕಿದರೆ ಕೊಳೆಯೆಲ್ಲ ನೀರಿಗೆ ಬಂದು ಮೀನಿಗೇ ಅಪಾಯ. ಅದಕ್ಕೇ ವಾರವಾರ ನೀರು ಬದಲಿಸುವಾಗ ಸ್ವಲ್ಪಸ್ವಲ್ಪವೇ ಹೀರಿ ತೆಗೆದೆ. 6 ವಾರ ಹಿಡಿಯಿತು.

ಕಷ್ಟವಾದದ್ದು ಮಗಳ ಮುದ್ದಿನ ಹಳದಿ ರಾಸ್ ಮೀನಿನದು. ರಾತ್ರಿ ಮರಳಲ್ಲಿ ಹೂತುಕೊಂಡೇ ಮಲಗುವ ಜಾತಿ. “ಅಪ್ಪಾ, ಹಾಸಿಗೇನೇ ತೆಗೆದ್ರೆ ಅದು ಎಲ್ಲಿ ಮಲಗತ್ತೆ?” ಎಂದಳು. ಯಾರಿಗಾದರೂ ಕೊಟ್ಟುಬಿಡೋಣವೆಂದಿದ್ದವನು ಸುಮ್ಮನಾದೆ. ಕಡೆಗೆ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ 3 ಇಂಚು ನಯವಾದ ಮರಳು ತುಂಬಿ ಮೂಲೆಯಲ್ಲಿಟ್ಟೆವು.

ಎರಡು ರಾತ್ರಿ ಮೀನು ಕಲ್ಲಿನ ಸಂದಿಯಲ್ಲಿ ಕಳೆಯಿತು. ಮೂರನೆಯ ರಾತ್ರಿ ದೀಪ ಆರುವ ಮುಂಚೆಯೇ ಡಬ್ಬಿಯೊಳಗೆ ಮಾಯವಾಯಿತು. ಆ ಮರಳನ್ನೂ ಆಗಾಗ ತೊಳೆಯಬೇಕು. ಆ ಕೆಲಸ ಈಗ ಮಗಳದು.