ವಿಷವಿರುವ ನೆಲಕ್ಕೂ ಗಿರಾಕಿ

ಅಮೆರಿಕದಲ್ಲಿ ಹಾಳುಬಿದ್ದ ಕಾರ್ಖಾನೆ, ಮುಚ್ಚಿದ ಡ್ರೈಕ್ಲೀನಿಂಗ್ ಅಂಗಡಿಗಳನ್ನೇ ಹುಡುಕಿ ಕೊಳ್ಳುವವರಿದ್ದಾರೆ. ನೆಲದಲ್ಲಿ ವಿಷವಿದೆಯೆಂದು ಗೊತ್ತಿದ್ದೇ ಕೊಳ್ಳುತ್ತಾರೆ. ನಮ್ಮಲ್ಲಿ ಸೈಟು ನೋಡಲು ಹೋದವರು ಇ.ಸಿ. ಕೇಳುತ್ತಾರೆ, ಮೂಲಪತ್ರ ಕೇಳುತ್ತಾರೆ, ವಾಸ್ತು ನೋಡಿಸುತ್ತಾರೆ. ಮಣ್ಣಲ್ಲಿ ಏನಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಲುಷಿತ ಜಾಗಗಳಿಗೆಂದೇ ಭಾರತದಲ್ಲಿ ನಿಯಮಗಳು ಬಂದದ್ದು 2025ರಲ್ಲಿ.

*

ಅಮೆರಿಕದ 1980ರ ಸೂಪರ್‌ಫಂಡ್ ಕಾಯಿದೆಯ ಪ್ರಕಾರ, ವಿಷ ಸುರಿದವನು ಯಾರೇ ಆಗಿರಲಿ, ಈಗಿನ ಮಾಲೀಕನ ತಲೆಗೂ ಶುದ್ಧೀಕರಣದ ಖರ್ಚು ಬರಬಹುದು. ಆ ಭಯಕ್ಕೆ ಕೊಳ್ಳುವವರು ಹಿಂದೆ ಸರಿದರು, ಎಷ್ಟೋ ಜಾಗಗಳು ಪಾಳುಬಿದ್ದವು. 2002ರಲ್ಲಿ ತಿದ್ದುಪಡಿ ಬಂತು. ಕೊಳ್ಳುವ ಮೊದಲು ಸರಿಯಾಗಿ ವಿಚಾರಿಸಿ, ಕೊಂಡಮೇಲೂ ಎಚ್ಚರಿಕೆಯಿಂದ ನಡೆದುಕೊಂಡವನು, ವಿಷದ ವಿಷಯ ಗೊತ್ತಿದ್ದು ಕೊಂಡಿದ್ದರೂ, ಹಳೆಯ ಪಾಪಕ್ಕೆ ಹೊಣೆಯಲ್ಲ. ಇದು ನನಗೆ ಬಹಳ ಹಿಡಿಸಿತು.

*

ಈ ವಿಚಾರಣೆಯ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಒಂದು ಹಿಡಿ ಮಣ್ಣನ್ನೂ ತೆಗೆಯುವುದಿಲ್ಲ! ಹಳೆಯ ಕಾಗದ ತಿರುವುತ್ತಾರೆ, ಜಾಗ ಸುತ್ತಿ ನೋಡುತ್ತಾರೆ, ಹಿಂದಿನ ಮಾಲೀಕರನ್ನು ಮಾತಾಡಿಸುತ್ತಾರೆ. ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗಾಗಿ 19ನೇ ಶತಮಾನದಿಂದ ಬರೆಸಿದ ನಕ್ಷೆಗಳು ಇಲ್ಲಿ ಬಲು ಉಪಯುಕ್ತ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ; ಪಕ್ಕದಲ್ಲೊಂದು ಪುಟ್ಟ ವೃತ್ತವಿದ್ದರೆ ಅದು ಪೆಟ್ರೋಲ್ ಟ್ಯಾಂಕ್ ಇರಬಹುದು. ಈಗ ಅಲ್ಲಿ ಹೂವಿನಂಗಡಿಯಿದ್ದರೂ ಆ ವೃತ್ತ ಕಂಡಮೇಲೆ ಬೋರ್ ಕೊರೆದು ಮಣ್ಣು, ಅಂತರ್ಜಲ ಪರೀಕ್ಷಿಸಬೇಕಾಗುತ್ತದೆ. ಡ್ರೈಕ್ಲೀನಿಂಗ್ ಅಂಗಡಿಯಿದ್ದ ಕಡೆಯೂ ಅಷ್ಟೆ: ಅಲ್ಲಿನ ಮಾಮೂಲಿ ದ್ರಾವಕ ನೀರಿಗಿಂತ ಭಾರ. ಆಳಕ್ಕಿಳಿದು ಕೂರುತ್ತದೆ, ಅದರ ಆವಿ ಮಾತ್ರ ಮೇಲೆದ್ದು ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತದೆ.

*

ಕಾಗದ ಇದ್ದರೆ ಸಾಕೇ? ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಹೂಕರ್ ಕೆಮಿಕಲ್ ಕಂಪನಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕವಿದೆಯೆಂದು ಕ್ರಯಪತ್ರದಲ್ಲೇ ಇತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳೂ ಎದ್ದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಜನರನ್ನು ಸ್ಥಳಾಂತರಿಸಬೇಕಾಯಿತು. ಓದಿಯೂ ಕಟ್ಟಿದರಲ್ಲ, ಇದು ನನಗೆ ಇಂದಿಗೂ ಬಗೆಹರಿಯದು.

ಇಂದಿಗೂ ಶುದ್ಧೀಕರಿಸುವಾಗ ಎಲ್ಲ ವಿಷವನ್ನೂ ತೆಗೆಯುವುದಿಲ್ಲ. ಮನೆಗೆ ಶುದ್ಧತೆಯ ಒಂದು ಮಟ್ಟ, ಗೋದಾಮಿಗೆ ಇನ್ನೊಂದು. ಉಳಿದದ್ದರ ಮೇಲೆ ಕಾಂಕ್ರೀಟ್ ಹಾಸಿ, ಅಗೆಯಬಾರದೆಂದು ಪತ್ರದಲ್ಲಿ ಬರೆಯುತ್ತಾರೆ. ಮತ್ತೆ ಕಾಗದದ ಮೇಲೇ ಭರವಸೆ.

*

ಕೊಳ್ಳುವವರ ಲೆಕ್ಕ ಸರಳ: ಶುದ್ಧವಾದ ಮೇಲಿನ ಬೆಲೆಯಲ್ಲಿ ಶುದ್ಧೀಕರಣದ ಖರ್ಚು ಕಳೆದು ಏನಾದರೂ ಮಿಗಬೇಕು. ಅಟ್ಲಾಂಟದ ನಡುವೆ ಉಕ್ಕಿನ ಕಾರ್ಖಾನೆಯಿದ್ದ 138 ಎಕರೆಯಲ್ಲಿ ಮಿಕ್ಕಿತು. 2005ರಲ್ಲಿ ಅಲ್ಲಿ ಅಟ್ಲಾಂಟಿಕ್ ಸ್ಟೇಷನ್ ಎಂಬ ಬಡಾವಣೆ ತೆರೆಯಿತು. ಬಡವರ ಕೇರಿಯ ಪುಟ್ಟ ಜಾಗದಲ್ಲಿ ಏನೂ ಮಿಗುವುದಿಲ್ಲ. ಅಂಥಲ್ಲಿಗೆ ಸರ್ಕಾರದ ಅನುದಾನ ಬರಬೇಕು. ಬರುವತನಕ ಬೇಲಿಯಾಚೆ ವಿಷ, ಈಚೆ ಮಕ್ಕಳ ಆಟ.