ಬಟ್ಟೆಯ ಹುಲಿ, ನಿಜದ ಓಟ

ಮೇ 28

ಪೇಟೆಯಿಂದ ತಂದ ಹುಲಿಗೊಂಬೆಯನ್ನು ತೋಟದ ಮೇಲ್ತುದಿಯಲ್ಲಿ, ಕಾಡಿನ ಅಂಚಿಗೆ ಮುಖ ಮಾಡಿ ಕೂರಿಸಿದೆವು. ಮಕ್ಕಳಾಟದ ಗೊಂಬೆಯೇ, ಒಳಗೆ ಹತ್ತಿ, ಕಣ್ಣಿಗೆ ಗಾಜಿನ ಗುಂಡು. ಮಂಗಗಳು ಎಳೆ ಅಡಿಕೆ ಕಿತ್ತು ಚೀಪಿ ಎಸೆಯುವುದನ್ನು ನೋಡಿ ನೋಡಿ ಸಾಕಾಗಿತ್ತು. ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿ 2019ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ನಮ್ಮದು ಅದಕ್ಕಿಂತ ಸೋಮಾರಿ ಉಪಾಯ.

ಹತ್ತೂವರೆ ಹೊತ್ತಿಗೆ ಹಿಂಡು ಬಂತು. ಮುಂದಿದ್ದ ಹೆಣ್ಣು ಮಂಗ, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು, ಮರದ ಅರ್ಧಕ್ಕೆ ಇಳಿದು ನಿಂತುಬಿಟ್ಟಿತು. ಸೋಗೆಯ ಕಡೆ ಚಾಚಿದ ಕೈ ಹಾಗೇ ಗಾಳಿಯಲ್ಲಿ. ರೆಪ್ಪೆ ಕೂಡ ಅಲುಗಲಿಲ್ಲ. ಆಮೇಲೆ ಗಂಟಲಿನಿಂದ ಒರಟಾದ ಒಂದು ಕೂಗು. ಅದು ಮುಗಿಯುವುದರೊಳಗೆ ಇಡೀ ಹಿಂಡು ಹಲಸಿನ ಮರದ ತುದಿಯಲ್ಲಿತ್ತು. ಗೊಂಬೆಯನ್ನು ಕಂಡದ್ದು ಒಂದೇ, ಓಡಿದ್ದು ಎಲ್ಲವೂ.

ಮೇ 29

ಆ ನಿಂತ ಕೈಯ ಬಗ್ಗೆ ಬರೆದಿಡಬೇಕು.

ಮೊದಲು ಸ್ತಬ್ಧವಾಗುವುದು, ಆಮೇಲೆ ಓಡುವುದು: ಇವೆರಡನ್ನೂ ನಡೆಸುವುದು ನಡುಮೆದುಳಿನಲ್ಲಿ ಸಣ್ಣ ನಾಳವೊಂದರ ಸುತ್ತ ಇರುವ ಬೂದು ಭಾಗ. ಪೆರಿಅಕ್ವಡಕ್ಟಲ್ ಗ್ರೇ ಎಂದು ಅದರ ಹೆಸರು. ಅದರ ಮೇಲ್ಭಾಗವನ್ನು ಕೆಣಕಿದರೆ ಪ್ರಾಣಿ ಓಡುತ್ತದೆ, ಕೆಳಬದಿಯನ್ನು ಕೆಣಕಿದರೆ ಕಲ್ಲಾಗಿ ನಿಲ್ಲುತ್ತದೆ. ನಿಲ್ಲುವುದು ದಡ್ಡತನವಲ್ಲ. ಬೇಟೆಯಾಡುವ ಪ್ರಾಣಿಯ ಕಣ್ಣಿಗೆ ಮೊದಲು ಬೀಳುವುದು ಚಲನೆ.

2013ರಲ್ಲಿ ಅಮೆರಿಕದ ಯಿಲ್ಮಾಜ್ ಮತ್ತು ಮೈಸ್ಟರ್ ಎಂಬಿಬ್ಬರು ಪ್ರಯೋಗಾಲಯದ ಪುಟ್ಟ ಇಲಿಗಳ ನೆತ್ತಿಯ ಮೇಲೆ ಪರದೆಯೊಂದನ್ನಿಟ್ಟು, ಅದರಲ್ಲಿ ಕಪ್ಪು ಬಿಲ್ಲೆಯೊಂದು ದೊಡ್ಡದಾಗುತ್ತ ಬರುವಂತೆ ಮಾಡಿದರು. ಹದ್ದು ಎರಗಿದಾಗ ಕಾಣುವುದು ಅಷ್ಟೇ ತಾನೆ, ಬೆಳೆಯುವ ನೆರಳು. ಪಂಜರದಲ್ಲೇ ಹುಟ್ಟಿ ಬೆಳೆದ ಇಲಿಗಳು ಒಂದೋ ಗೂಡಿಗೆ ಓಡಿದವು, ಇಲ್ಲವೇ ಇದ್ದಲ್ಲೇ ಗಟ್ಟಿಯಾದವು. ಹದ್ದನ್ನು ಅವುಗಳಿಗೆ ಯಾರೂ ಪರಿಚಯಿಸಿರಲಿಲ್ಲ. ಕಣ್ಣಿನಿಂದ ಸುಪೀರಿಯರ್ ಕಾಲಿಕ್ಯುಲಸ್ ಎಂಬ ನಡುಮೆದುಳಿನ ಚಾವಣಿಗೆ, ಅಲ್ಲಿಂದ ಆ ಬೂದು ಭಾಗಕ್ಕೆ. ‘ಇದೇನು’ ಎಂದು ಕೇಳುವ ಮೇಲ್ಮೆದುಳನ್ನು ಕಾಯದೆಯೇ ಓಟ ಶುರುವಾಗುವ ದಾರಿ ಅದು.

ಮೆದುಳಿನ ಅಮಿಗ್ಡಲಾ ಎಂಬ ಭಾಗವೆಂದರೆ ಭಯದ ಗುಂಡಿ, ಒತ್ತಿದರೆ ಹೆದರಿಕೆ ಎಂದು ಬರೆಯುವ ಪಠ್ಯಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಲ್ಲಿ ತೋರಿಸಿದ್ದು ಬಹುಮಟ್ಟಿಗೆ ಕಲಿತ ಭಯ: ಸದ್ದು ಕೇಳಿಸಿ, ಹಿಂದೆಯೇ ಕಾಲಿಗೆ ಕರೆಂಟ್ ಕೊಟ್ಟರೆ, ಮುಂದೆ ಬರೀ ಸದ್ದಿಗೇ ಇಲಿ ಬೆದರುತ್ತದೆ. ಅದಕ್ಕೆ ಅಮಿಗ್ಡಲಾ ಬೇಕೇ ಬೇಕು. ಬೆಕ್ಕಿನ ಭಯಕ್ಕೆ ಹೈಪೊಥಾಲಮಸ್‌ನಲ್ಲಿ ಬೇರೆಯದೇ ಓಣಿ ಇದೆ. ಕರೆಂಟಿನ ಭಯ, ಬೆಕ್ಕಿನ ಭಯ, ತನ್ನದೇ ಜಾತಿಯ ಪುಂಡನ ಭಯ ಮೂರೂ ಬೇರೆ ಬೇರೆ ಹಾದಿಯಲ್ಲಿ ಹೋಗುತ್ತವೆ ಎಂದು 2013ರ ಹೊತ್ತಿಗೇ ಇಟಲಿಯ ಪ್ರಯೋಗಾಲಯವೊಂದು ತೋರಿಸಿದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಮಾತ್ರ ಇನ್ನೂ ಒಂದೇ ಗುಂಡಿ ಸಾಕು.

ಜೂನ್ 2

ಹುಲಿಯ ಬದಲು ಚಿರತೆ ತರಬೇಕಿತ್ತೇನೋ. ಮರ ಹತ್ತಿ ಮಂಗ ಹಿಡಿಯುವುದು ಚಿರತೆಯೇ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ದಕ್ಷಿಣ ಭಾರತದ ಕಾಡುಗಳಲ್ಲಿ ಇದೇ ನಮ್ಮ ಮಂಗಗಳಿಗೆ ಚಿರತೆಯ ಬೊಂಬೆ ತೋರಿಸಿ 2000ದಲ್ಲಿ ಬರೆದಿದ್ದಾರೆ. ಚುಕ್ಕೆಯ ಹಳದಿ ಚಿರತೆಗೆ ಬೆದರಿದಷ್ಟು ಕಪ್ಪು ಚಿರತೆಗೆ ಬೆದರಲಿಲ್ಲ. ಚುಕ್ಕೆಯದ್ದನ್ನು ತಲೆಕೆಳಗು ಮಾಡಿ ಹಿಡಿದರೂ ಗುರುತು ತಪ್ಪಲಿಲ್ಲ. ಅಂದರೆ ಮಂಗ ಇಡೀ ಚಿರತೆಯನ್ನು ನೋಡಬೇಕಾಗಿಲ್ಲ, ಚುಕ್ಕೆ ಕಂಡರೆ ಸಾಕು. ಪೊದೆಯ ಸಂದಿನಲ್ಲಿ ಪೂರ್ತಿ ಚಿರತೆ ಕಾಣುವ ತನಕ ಕಾದ ಮಂಗದ ಸಂತತಿ ಉಳಿದಿರಲಾರದು. ಮುಸಿಯನ ಕೂಗು, ಕಡವೆಯ ಕೂಗು ಕೇಳಿದರೂ ಇವು ಓಡುತ್ತವೆಂದು ಅವರೇ ಕಂಡುಕೊಂಡರು.

ಹಳೆಯ ಚಾದರಕ್ಕೆ ಕಪ್ಪು ಪೇಂಟಿನ ಚುಕ್ಕೆ ಹಾಕುತ್ತ ಕೂತಿದ್ದೆ. ಹೆಂಡತಿ ಬಂದು ನೋಡಿ, ‘ಮಂಗ ಹೆದರುತ್ತೋ ಇಲ್ಲವೋ, ನೆಂಟರಂತೂ ಇನ್ನು ಈ ಮನೆಗೆ ಬರೋದಿಲ್ಲ’ ಎಂದಳು.

ಜೂನ್ 5

ಮಳೆ. ಗೊಂಬೆ ನೆನೆದು ಒಂದು ಕಡೆ ವಾಲಿದೆ. ಮರಿಯೊಂದು ಬಾಲ ಎಳೆದು ಓಡಿಹೋಯಿತು.

ಜೂನ್ 9

ಮುಗಿಯಿತು. ಬೆಳಿಗ್ಗೆ ಮದ್ದು ಹೊಡೆಯಲು ಬಂದ ಕೊನೆಗೌಡ ಮರದ ಮೇಲಿನಿಂದಲೇ ಕೂಗಿದ: ‘ಹೆಗಡೇರೇ, ನಿಮ್ಮ ಹುಲಿ ತಲೆ ಮೇಲೆ ಮಂಗ ಕೂತು ಅಡಿಕೆ ತಿಂತಾ ಉಂಟು!’

ಓಡುವುದೂ ಖರ್ಚಿನ ಬಾಬತ್ತು. ಎಲೆ ಅಲುಗಿದ್ದಕ್ಕೆಲ್ಲ ಓಡಿದರೆ ತಿನ್ನುವುದು ಯಾವಾಗ? ಲಂಡನ್ನಿನ ಟಿಯಾಗೊ ಬ್ರಾಂಕೊ ತಂಡ 2018ರಲ್ಲಿ ಪ್ರಕಟಿಸಿದ್ದು ನೆನಪಾಯಿತು. ಕಾಲಿಕ್ಯುಲಸ್‌ನಿಂದ ಬೂದು ಭಾಗಕ್ಕೆ ಹೋಗುವ ನರಗಳ ಕೊಂಡಿ ಬೇಕೆಂದೇ ಎಂಬಂತೆ ದುರ್ಬಲ. ಅಪಾಯದ ಸುದ್ದಿ ಒಂದು ಮಟ್ಟಕ್ಕೆ ಸೇರಿದರೆ ಮಾತ್ರ ಆಚೆ ಬದಿ ಎದ್ದು ಓಟಕ್ಕೆ ಅಪ್ಪಣೆ ಕೊಡುತ್ತದೆ. ಮನೆ ಬಾಗಿಲ ಹೊಸ್ತಿಲು ದಾಟದ ಮಳೆನೀರು ಒಳಗೆ ಬಾರದಲ್ಲ, ಹಾಗೆ.

ಇನ್ನೊಂದು ಸಂಗತಿ ರೈತರಿಗೆ ಉಪಯೋಗದ್ದು. ಕಲಿತ ಭಯ ಹೋಯಿತೆಂದರೆ ಅಳಿಸಿಹೋಯಿತೆಂದಲ್ಲ. ‘ಇದರಿಂದ ಏನೂ ಆಗುವುದಿಲ್ಲ’ ಎಂಬ ಹೊಸ ಪಾಠ ಹಳೆಯದರ ಮೇಲೆ ಕೂರುತ್ತದೆ, ಮುಂಮೆದುಳು ಅಮಿಗ್ಡಲಾದ ಬಾಯಿ ಮುಚ್ಚಿಸುತ್ತದೆ. ಆ ಪಾಠ ಅದೇ ಜಾಗಕ್ಕೆ, ಅದೇ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ. ಸ್ವಲ್ಪ ಕಾಲ ಬಿಟ್ಟರೆ, ಇಲ್ಲವೇ ಜಾಗ ಬದಲಾದರೆ, ಹಳೆಯ ಭಯ ಮತ್ತೆ ತಲೆ ಎತ್ತುತ್ತದೆ. ಇಲಿಗಳಲ್ಲಿ ಪರೀಕ್ಷಿಸಿ ನೋಡಿದ ಮಾತು. ಮಂಗಕ್ಕೂ ಹೊಂದುವುದಾದರೆ, ಗೊಂಬೆಯನ್ನು ವರ್ಷವಿಡೀ ಒಂದೇ ಕಡೆ ಕೂರಿಸುವುದು ಹಣ ದಂಡ. ಎರಡು ದಿನ ಇಟ್ಟು, ಎತ್ತಿ ಒಳಗಿಟ್ಟು, ಬೇರೆ ಮೂಲೆಯಲ್ಲಿ ಬೇರೆ ವೇಷದಲ್ಲಿ ತೋರಿಸಬೇಕು.

ಜೂನ್ 14

ರಾತ್ರಿ ನಾಯಿ ಬೊಗಳಲೇ ಇಲ್ಲ. ಜಗಲಿಯ ಬೆಂಚಿನಡಿ ನುಸುಳಿ, ಕಿವಿ ಹಿಂದಕ್ಕೊತ್ತಿ, ಬಾಲ ಹೊಟ್ಟೆಯಡಿ ಸೇರಿಸಿ ನಡುಗುತ್ತಿತ್ತು. ಹೊರಗೆ ನನಗೇನೂ ಕಾಣಲಿಲ್ಲ, ಕೇಳಲಿಲ್ಲ. ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಕೆಸರಿನಲ್ಲಿ ಹೆಜ್ಜೆ: ದುಂಡಗೆ, ಉಗುರಿನ ಗುರುತಿಲ್ಲ. ಚಿರತೆಯೇ. ನಾಯಿಗೆ ಗಾಳಿಯೇ ಸುದ್ದಿ ತಂದಿರಬೇಕು. ಮಾಂಸಾಹಾರಿಗಳ ಮೂತ್ರದಲ್ಲಿ ಹೇರಳವಾಗಿರುವ ಫಿನೈಲ್‌ಎಥಿಲಮೀನ್ ಎಂಬ ಒಂದೇ ರಾಸಾಯನಿಕಕ್ಕೆ ಇಲಿಗಳು ದೂರ ಸರಿಯುತ್ತವೆಂದು 2011ರಲ್ಲಿ ಗೊತ್ತಾಗಿದೆ. ನಾಯಿಯ ಮೂಗು ಏನು ಹಿಡಿಯಿತೋ.

ಅದು ಒಳಗೊಳಗೆ ಅನುಭವಿಸಿದ್ದು ನಮ್ಮ ಭಯವೇ? ಲೆಡೂ ಅವರೇ ಈಚೆಗೆ ಎಚ್ಚರಿಸುತ್ತಾರೆ, ಓಟ ನಡುಕಗಳ ಯಂತ್ರ ಬೇರೆ, ‘ನಾನು ಹೆದರಿದ್ದೇನೆ’ ಎಂಬ ಅರಿವು ಬೇರೆ ಎಂದು. ತರ್ಕ ಒಪ್ಪುತ್ತೇನೆ. ಬೆಂಚಿನಡಿ ಕೈ ಹಾಕಿ ಆ ನಡುಕವನ್ನು ಮುಟ್ಟಿದ ಮೇಲೆ ಪೂರ್ತಿ ಒಪ್ಪಲು ಮನಸ್ಸಾಗುವುದಿಲ್ಲ.

ಬರೀ ಹೆದರಿಕೆಯೂ ಕೊಲ್ಲುತ್ತದೆ. ಕೆನಡಾದಲ್ಲಿ ಲಿಯಾನಾ ಜನೆಟ್ ತಂಡ ಗುಬ್ಬಿಗಳ ಗೂಡುಗಳಿಗೆ ಬಲೆ, ವಿದ್ಯುತ್ ಬೇಲಿ ಹಾಕಿ ಶತ್ರುಗಳನ್ನು ದೂರವಿಟ್ಟು, ಅವುಗಳ ಸದ್ದನ್ನಷ್ಟೇ ಕೇಳಿಸಿತು. ಅದರಿಂದಲೇ ಆ ವರ್ಷ ಬೆಳೆದ ಮರಿಗಳು ಶೇಕಡಾ 40ರಷ್ಟು ಕಡಿಮೆಯಾದವು.

ಜೂನ್ 17

ಅದೇ ಜನೆಟ್ 2023ರಲ್ಲಿ ಆಫ್ರಿಕದ ಕ್ರೂಗರ್ ಕಾಡಿನ ನೀರಿನ ಹೊಂಡಗಳ ಬಳಿ ಸಿಂಹದ ಸದ್ದು, ಮನುಷ್ಯರ ಮಾಮೂಲಿ ಮಾತು ಎರಡನ್ನೂ ಕೇಳಿಸಿದ್ದರು. ಪ್ರಾಣಿಗಳು ಸಿಂಹಕ್ಕಿಂತ ಮನುಷ್ಯರ ಮಾತಿಗೇ ಹೆಚ್ಚು ಓಡಿದವು. ಇದನ್ನು ಹೇಳಿದ್ದೇ ತಡ, ಕೊನೆಗೌಡ ‘ಹಾಗಾದರೆ ರೇಡಿಯೋ ಹಚ್ಚಿಡುವಾ’ ಎಂದ. ಬೆಳಗಿನಿಂದ ತೋಟದಲ್ಲಿ ಆಕಾಶವಾಣಿಯ ಕೃಷಿರಂಗ, ವಾರ್ತೆ, ಚಿತ್ರಗೀತೆ. ಮಂಗ ಬರಲಿಲ್ಲ ನಿಜ. ಆದರೆ ದಿನವಿಡೀ ಮಳೆ ಹುಯ್ಯುತ್ತಿತ್ತು. ಇಂಥ ಮಳೆಗೆ ಅವು ಹೇಗೂ ಬರುವುದಿಲ್ಲ. ಬಿಸಿಲು ಬಿದ್ದ ದಿನ ನೋಡಬೇಕು.